ಕಾಣದ ನೆರೆಯವನ ಋಣ

ಕಚೇರಿಯ ಕೆಲಸದಲ್ಲಿ ದಿನ ಕಳೆದವರಿಗೆಲ್ಲ ಒಂದು ಟಿಪ್ಪಣಿಯ ಪರಿಚಯ ಚೆನ್ನಾಗಿ ಇರುತ್ತದೆ: ‘ಹದಿನೈದು ದಿನಗಳ ನಂತರ ಮಂಡಿಸುವುದು.’ ಕಡತವನ್ನು ಒಪ್ಪಿದಂತೆಯೂ ಅಲ್ಲ, ತಿರಸ್ಕರಿಸಿದಂತೆಯೂ ಅಲ್ಲ. ಬರೆದವನ ಮನಸ್ಸಿಗೆ ಮಾತ್ರ ಏನೋ ಒಂದು ಕೆಲಸ ಮಾಡಿದ ಸಮಾಧಾನ. ಈಗ ಮನೆಮನೆಯ ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಇದೇ ಟಿಪ್ಪಣಿ ಬೇರೆ ವೇಷದಲ್ಲಿ ಬಂದು ಕುಳಿತಿದೆ. ಪರದೆಯ ಮೂಲೆಯಲ್ಲಿ ಒಂದು ಚೌಕ ಮೂಡುತ್ತದೆ. ಸುರಕ್ಷತೆಯ ಅಪ್‌ಡೇಟ್ ಸಿದ್ಧವಾಗಿದೆ, ಹಾಕೋಣವೇ ಎಂದು ಕೇಳುತ್ತದೆ. ಕೆಳಗೆ ಎರಡು ಗುಂಡಿ. ‘ಈಗಲೇ’ ಎಂಬುದೊಂದು, ‘ಆಮೇಲೆ ನೆನಪಿಸು’ ಎಂಬುದೊಂದು. ಮಗನಿಗೆ ಪರೀಕ್ಷೆಯ ಓದು, ಮಗಳಿಗೆ ಆಫೀಸಿನ ಮೀಟಿಂಗು, ಮನೆಯೊಡತಿಗೆ ಬ್ಯಾಂಕಿನ ಕೆಲಸ. ಬೆರಳು ತಾನಾಗಿಯೇ ಎರಡನೆಯ ಗುಂಡಿಯ ಕಡೆ ಹೋಗುತ್ತದೆ.

ಇದರಲ್ಲಿ ಧರ್ಮಾಧರ್ಮದ ಪ್ರಶ್ನೆ ಏನಿದೆ ಎಂದು ಓದುಗರು ಕೇಳಬಹುದು. ನಮ್ಮ ಯಂತ್ರ, ನಮ್ಮ ದುಡ್ಡು, ನಮ್ಮ ಸಮಯ. ಕೆಟ್ಟರೆ ಕೆಡುವುದೂ ನಮ್ಮದೇ. ಇದು ಅವಿವೇಕವಾದೀತು, ಅಧರ್ಮ ಹೇಗಾದೀತು? ಈ ವಾದ ಮೇಲುನೋಟಕ್ಕೆ ಗಟ್ಟಿಯಾಗಿಯೇ ಇದೆ. ಅದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನೋಡೋಣವೆಂದೇ ಈ ಲೇಖನ. ನಾವು ಬಿ.ಎಸ್‌ಸಿ. ಓದಿದವರೇ ಹೊರತು ಕಂಪ್ಯೂಟರ್ ತಜ್ಞರಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವವರು. ಆದ್ದರಿಂದ ಯಂತ್ರದ ವಿಷಯವನ್ನು ಬೇಕಾದಷ್ಟೇ ಹೇಳಿ ಮನುಷ್ಯರ ವಿಷಯಕ್ಕೆ ಬರುತ್ತೇವೆ.

ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ಹಿಡಿದು ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ವಿಂಡೋಸ್, ಲಿನಕ್ಸ್, ಮೊಬೈಲಿನ ಆಂಡ್ರಾಯ್ಡ್ ಎಲ್ಲವೂ ಈ ಜಾತಿಯವೇ. ಕೋಟಿಗಟ್ಟಲೆ ಸಾಲುಗಳ ಬರವಣಿಗೆ ಅದು. ಸಾವಿರಾರು ಜನ ಸೇರಿ ವರ್ಷಗಟ್ಟಲೆ ಬರೆದದ್ದು. ಮನುಷ್ಯರು ಬರೆದ ಮೇಲೆ ತಪ್ಪು ಉಳಿಯದೆ ಇರುತ್ತದೆಯೇ? ಕೆಲವು ತಪ್ಪುಗಳಿಂದ ಅಕ್ಷರ ಓರೆಯಾಗಿ ಕಂಡೀತು, ಅಷ್ಟೆ. ಇನ್ನು ಕೆಲವು, ಗೋಡೆಯಲ್ಲಿ ಉಳಿದುಹೋದ ಕಿಂಡಿಗಳಂಥವು. ಗೊತ್ತಿದ್ದವನು ಹೊರಗಿನಿಂದ ಕೈಹಾಕಿ ಅಗುಳಿ ತೆಗೆಯಬಹುದು. ಕಿಂಡಿ ಪತ್ತೆಯಾದಾಗ ತಯಾರಕರು ಒಂದು ತೇಪೆ ಕಳಿಸುತ್ತಾರೆ. ಮೈಕ್ರೋಸಾಫ್ಟ್ ಸಂಸ್ಥೆ 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ಇದಕ್ಕೆಂದೇ ಗೊತ್ತುಮಾಡಿಕೊಂಡಿದೆ. ಅಮೆರಿಕದ ಬೆಳಿಗ್ಗೆ ಹೊರಡುವ ತೇಪೆ ನಮ್ಮಲ್ಲಿಗೆ ಬರುವಾಗ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ತೇಪೆ ಹೊರಬಿದ್ದ ದಿನವೇ ಕಿಂಡಿ ಎಲ್ಲಿತ್ತೆಂಬುದೂ ಹೊರಬೀಳುತ್ತದೆ. ಕಳ್ಳನಾದವನು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಬದಲಾದದ್ದು ಯಾವುದು ಎಂದು ತಾಳೆ ನೋಡಿದರೆ ಸಾಕು, ದಾರಿ ತಿಳಿಯುತ್ತದೆ. ಹಾಗಾಗಿ ತೇಪೆ ಬರುವ ಮುಂಚೆ ಇದ್ದ ಅಪಾಯಕ್ಕಿಂತ, ಬಂದ ಮೇಲೂ ಹಾಕಿಕೊಳ್ಳದ ಯಂತ್ರಕ್ಕೆ ಇರುವ ಅಪಾಯ ಹೆಚ್ಚು. ‘ಇಷ್ಟು ದಿನ ಏನೂ ಆಗಲಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ನಮ್ಮ ಮುಂಬಯಿಗೇ ತಟ್ಟಿದ ಒಂದು ಪ್ರಸಂಗವನ್ನು ನೆನೆಯೋಣ. 2017ರ ಜೂನ್ 27, ಮಂಗಳವಾರ. ನ್ಹಾವಾ ಶೇವಾದ ಜವಾಹರಲಾಲ್ ನೆಹರು ಬಂದರಿನಲ್ಲಿ ಗೇಟ್‌ವೇ ಟರ್ಮಿನಲ್ಸ್ ಇಂಡಿಯಾ ಎಂಬ ಕಂಟೇನರ್ ಕಟ್ಟೆಯ ಕಂಪ್ಯೂಟರುಗಳು ಕೈಕೊಟ್ಟವು. ಯಾವ ಪೆಟ್ಟಿಗೆ ಯಾರದು, ಯಾವ ಹಡಗಿನದು ಎಂಬ ಲೆಕ್ಕವೆಲ್ಲ ಅವುಗಳೊಳಗೆ. ಕೆಲಸ ಕೈಬರಹಕ್ಕೆ ಇಳಿಯಿತು, ಹೊರಗೆ ಲಾರಿಗಳು ನಿಂತವು. ಈ ಕಟ್ಟೆ ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಸಂಸ್ಥೆಯ ಬಳಗಕ್ಕೆ ಸೇರಿದ್ದು. ಜಗತ್ತಿನಾದ್ಯಂತ ಅವರ ಹದಿನೇಳು ಕಟ್ಟೆಗಳಲ್ಲಿ ಅಂದು ಇದೇ ಪಾಡು.

ರೋಗ ಹುಟ್ಟಿದ್ದು ಎಲ್ಲಿ? ಉಕ್ರೇನ್ ದೇಶದಲ್ಲಿ. ಅಲ್ಲಿಯ ವ್ಯಾಪಾರಿಗಳು ತೆರಿಗೆಯ ಲೆಕ್ಕ ಸಲ್ಲಿಸಲು ‘ಎಂ.ಇ.ಡಾಕ್’ ಎಂಬ ತಂತ್ರಾಂಶ ಬಳಸುತ್ತಿದ್ದರು. ಅದನ್ನು ಮಾಡುವ ಕಂಪನಿಯ ಯಂತ್ರಗಳೊಳಗೆ ನುಸುಳಿದ ದಾಳಿಕೋರರು ಅದರ ಮೂಲಕವೇ ಗಿರಾಕಿಗಳಿಗೆ ವಿಷ ಹಂಚಿದರು. ಮೇರ್ಸ್ಕಿನ ಉಕ್ರೇನ್ ಕಚೇರಿಯ ಒಂದು ಕಂಪ್ಯೂಟರಿನಲ್ಲಿ ಆ ತಂತ್ರಾಂಶವಿತ್ತೆಂದು ಆಮೇಲಿನ ವರದಿಗಳು ಹೇಳುತ್ತವೆ. ಅಷ್ಟು ಸಾಕಾಯಿತು. ‘ನಾಟ್‌ಪೆಟ್ಯಾ’ ಎಂದು ಹೆಸರಾದ ಈ ಪಿಡುಗು ಯಂತ್ರದಿಂದ ಯಂತ್ರಕ್ಕೆ ಹಾರಿದ್ದು ವಿಂಡೋಸಿನ ಒಂದು ಹಳೆಯ ಕಿಂಡಿಯಿಂದ. ಆ ಕಿಂಡಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು ಅದೇ ವರ್ಷದ ಮಾರ್ಚ್ 14ರಂದು. ಅಂದರೆ ನೂರೈದು ದಿನ ಮೊದಲು!

ಅಷ್ಟೇ ಆಗಿದ್ದರೆ ‘ತೇಪೆ ಹಾಕದವನು ಅನುಭವಿಸಿದ’ ಎಂದು ಸುಮ್ಮನಾಗಬಹುದಿತ್ತು. ಆದರೆ ಅದು ಹಾಗೆ ಹರಡಲಿಲ್ಲ. ತೇಪೆಯಿಲ್ಲದ ಒಂದು ಯಂತ್ರದೊಳಗೆ ಹೊಕ್ಕ ಮೇಲೆ, ಅದರ ನೆನಪಿನಲ್ಲಿ ಉಳಿದಿದ್ದ ಪಾಸ್‌ವರ್ಡುಗಳನ್ನು ಹೆಕ್ಕಿ ತೆಗೆದು, ಅವನ್ನೇ ಕೀಲಿಕೈ ಮಾಡಿಕೊಂಡು ಅದೇ ಜಾಲದ ಬೇರೆ ಯಂತ್ರಗಳಿಗೆ ನುಗ್ಗಿತು. ಆ ಬೇರೆ ಯಂತ್ರಗಳಿಗೆ ತೇಪೆ ಸರಿಯಾಗಿಯೇ ಬಿದ್ದಿತ್ತು. ತನ್ನ ಪಾಲಿನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿದವನೂ ಪಕ್ಕದ ಮೇಜಿನವನ ‘ಆಮೇಲೆ’ಯಿಂದಾಗಿ ನೆಲಕಚ್ಚಿದ. ‘ಕೆಟ್ಟರೆ ಕೆಡುವುದು ನಮ್ಮದೇ’ ಎಂಬ ವಾದ ಮುರಿದುಬೀಳುವುದು ಇಲ್ಲಿ.

ಮೇರ್ಸ್ಕ್ ಸಂಸ್ಥೆ ಹತ್ತು ದಿನಗಳಲ್ಲಿ 45,000 ಕಂಪ್ಯೂಟರುಗಳನ್ನೂ 4,000 ಸರ್ವರುಗಳನ್ನೂ ಹೊಸದಾಗಿ ಕಟ್ಟಬೇಕಾಯಿತು. ಅವರಿಗಾದ ನಷ್ಟ ಇಪ್ಪತ್ತೈದರಿಂದ ಮೂವತ್ತು ಕೋಟಿ ಡಾಲರು. ಅವರ ಜಾಲದ ಮೂಲದಾಖಲೆಯ ಪ್ರತಿಗಳೆಲ್ಲ ಅಳಿಸಿಹೋಗಿ, ಆಫ್ರಿಕಾದ ಘಾನಾದಲ್ಲಿ ಒಂದೇ ಒಂದು ಉಳಿದಿತ್ತಂತೆ. ಏಕೆಂದರೆ ದಾಳಿಯ ಹೊತ್ತಿನಲ್ಲಿ ಅಲ್ಲಿ ಕರೆಂಟು ಹೋಗಿತ್ತು! ಕರೆಂಟು ಹೋದದ್ದರಿಂದ ಉಪಕಾರವಾದ ಇನ್ನೊಂದು ಉದಾಹರಣೆ ನಮಗೆ ತಿಳಿಯದು. ಹಡಗಿನ ಕಂಪನಿ ದೊಡ್ಡದು, ನಷ್ಟವನ್ನು ತಡೆದುಕೊಂಡಿತು. ನ್ಹಾವಾ ಶೇವಾದ ಹೊರಗೆ ಲಾರಿಯಲ್ಲಿ ಕುಳಿತಿದ್ದ ಚಾಲಕನ ದಿನಗೂಲಿಯ ಲೆಕ್ಕ ಯಾವ ವರದಿಯಲ್ಲಿಯೂ ಬರಲಿಲ್ಲ. ಅವನು ಯಾವ ಊರಿನವನೋ. ಕಂಪ್ಯೂಟರನ್ನು ಮುಟ್ಟಿಯೂ ಇರಲಾರ.

ಹಾಗಾದರೆ ತಪ್ಪು ಯಾರದು? ದಾಳಿ ಮಾಡಿದವರದು ಮೊದಲನೆಯದು. ಅವರು ರಷ್ಯದ ಸೇನೆಯವರೆಂದು ಅಮೆರಿಕ, ಬ್ರಿಟನ್ ಮೊದಲಾದ ಸರ್ಕಾರಗಳು 2018ರಲ್ಲಿ ಹೆಸರಿಸಿದವು. ಆ ಕಿಂಡಿಯನ್ನು ಕಂಡುಕೊಂಡು, ತಯಾರಕರಿಗೆ ಹೇಳದೆ, ತನ್ನ ಗೂಢಚರ್ಯೆಗೆಂದು ವರ್ಷಗಳ ಕಾಲ ಬಚ್ಚಿಟ್ಟುಕೊಂಡದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ; ಬಚ್ಚಿಟ್ಟದ್ದು ಕೊನೆಗೆ ಕಳುವಾಗಿ 2017ರ ಏಪ್ರಿಲಿನಲ್ಲಿ ಬೀದಿಗೆ ಬಿತ್ತು. ಕಿಂಡಿಯಿರುವ ಸಾಮಾನನ್ನು ಮಾರಿದವರ ಪಾಲೂ ಇದೆ. ಇಷ್ಟು ದೊಡ್ಡ ದೊಡ್ಡ ಪಾಲುದಾರರ ನಡುವೆ ಗುಂಡಿ ಒತ್ತದ ಒಬ್ಬ ಬಡಪಾಯಿಯನ್ನು ಹಿಡಿದು ಕೇಳುವುದು ನ್ಯಾಯವೇ? ನಾವು ಗುಮಾಸ್ತರಿಗೆ ಇದು ಹೊಸ ಪ್ರಶ್ನೆಯಲ್ಲ. ಹತ್ತು ಮೇಜು ದಾಟಿದ ಕಡತದಲ್ಲಿ ತಪ್ಪು ಕಂಡಾಗ ಪ್ರತಿಯೊಬ್ಬರೂ ಒಂಬತ್ತು ಜನರ ಕಡೆ ಬೆರಳು ತೋರಿಸುತ್ತಾರೆ, ಪ್ರತಿಯೊಬ್ಬರ ಮಾತಿನಲ್ಲಿಯೂ ಒಂದಿಷ್ಟು ಸತ್ಯವಿರುತ್ತದೆ. ಆದರೆ ಮೇಲಿನವರ ತಪ್ಪು ದೊಡ್ಡದಾಯಿತೆಂದು ಕೆಳಗಿನವನ ತಪ್ಪು ಇಲ್ಲವಾಗುವುದಿಲ್ಲ. ಜವಾಬ್ದಾರಿಯೆಂಬುದು ಪಂಕ್ತಿ ಬೆಳೆದಂತೆ ತೆಳ್ಳಗಾಗುವ ಸಾರಲ್ಲ.

ಮಳೆಗಾಲದಲ್ಲಿ ಮುಂಬಯಿಯ ನಗರಪಾಲಿಕೆಯವರು ಮನೆಮನೆಗೆ ಬಂದು ಹೂಕುಂಡದ ಕೆಳಗಿನ ತಟ್ಟೆ, ಹಳೆಯ ಟೈರು, ಮುಚ್ಚಳವಿಲ್ಲದ ನೀರಿನ ಡ್ರಮ್ಮು ಇವನ್ನು ನೋಡಿ ಹೋಗುವುದು ನಮಗೆಲ್ಲ ಗೊತ್ತಿದ್ದದ್ದೇ. ಸೊಳ್ಳೆಯ ಮರಿ ಕಂಡರೆ ನೋಟೀಸು, ದಂಡ. ‘ಕುಂಡ ನಮ್ಮದು, ನೀರು ನಮ್ಮದು, ಬಾಲ್ಕನಿಯ ಕಂತು ಕಟ್ಟುವವರು ನಾವು’ ಎಂದು ವಾದಿಸಿ ಗೆದ್ದವರನ್ನು ನಾವು ಕಂಡಿಲ್ಲ. ನಮ್ಮ ತಟ್ಟೆಯಲ್ಲಿ ಹುಟ್ಟಿದ ಸೊಳ್ಳೆ ಕಚ್ಚುವುದು ಕೆಳಗಿನ ಮನೆಯ ಮಗುವನ್ನು. ಯಾವ ತಟ್ಟೆಯ ಸೊಳ್ಳೆ ಎಂದು ಆ ತಾಯಿಗೆ ಎಂದೂ ತಿಳಿಯುವುದಿಲ್ಲ. ತಟ್ಟೆಯಲ್ಲಿ ನೀರು ನಿಲ್ಲಿಸಿದವನಿಗೆ ಯಾರಿಗೂ ಕೇಡು ಬಗೆಯುವ ಮನಸ್ಸಿರಲಿಲ್ಲ. ಅವನು ಮಾಡಿದ್ದು ಏನೂ ಇಲ್ಲ, ಮಾಡದೆ ಬಿಟ್ಟದ್ದು ಮಾತ್ರ.

ಈ ಹೋಲಿಕೆಯಲ್ಲಿ ಇನ್ನೊಂದು ಮಾತಿದೆ. ಸಿಕಂದರಾಬಾದಿನಲ್ಲಿ ಕೂತು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡದ್ದು 1897ರ ಆಗಸ್ಟ್ 20ರಂದು. ಅದಕ್ಕೆ ಮೊದಲೂ ಜನ ಮನೆಯ ಸುತ್ತ ನೀರು ನಿಲ್ಲಿಸುತ್ತಿದ್ದರು, ನೆರೆಯವರು ಜ್ವರ ಬಂದು ಸಾಯುತ್ತಿದ್ದರು. ನಮ್ಮ ಮುತ್ತಜ್ಜಂದಿರನ್ನು ಇದಕ್ಕಾಗಿ ದೂಷಿಸುವವರು ಯಾರೂ ಇಲ್ಲ. ಅದೇ ನೀರು, ಅದೇ ಸೊಳ್ಳೆ, ಅದೇ ಜ್ವರ. ಬದಲಾದದ್ದು ತಿಳಿವಳಿಕೆ ಒಂದೇ. ತಿಳಿದ ದಿನದಿಂದ ನಿಂತ ನೀರು ಬರಿಯ ನೀರಾಗಿ ಉಳಿಯಲಿಲ್ಲ. ಮಾರ್ಚ್ 13ರಂದು ಆ ಕಿಂಡಿಯಿದ್ದ ಯಂತ್ರವನ್ನು ಬಳಸುತ್ತಿದ್ದವನು ನಿರ್ದೋಷಿ. ಮಾರ್ಚ್ 14ರ ನಂತರ, ಚೌಕ ಮೂಡಿ ಕೇಳಿದ ಮೇಲೆ, ಅವನು ಮೊದಲಿನಂತೆ ನಿರ್ದೋಷಿಯೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಪತ್ರಿಕೆಗಳಲ್ಲಿ ನಾವು ‘ಪ್ರಮಾದ’ ಎಂಬ ಮಾತನ್ನು ದೊಡ್ಡ ತಪ್ಪು ಎಂಬರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಎಚ್ಚರಗೇಡಿತನ, ಮೈಮರೆವು. ತಪ್ಪಿಗೂ ಮೈಮರೆವಿಗೂ ಒಂದೇ ಹೆಸರಾದದ್ದು ಸುಮ್ಮನೆ ಆದದ್ದಲ್ಲವೇನೋ.

ಅದೇ ವರ್ಷದ ಮೇ 12ರಂದು ‘ವಾನಾಕ್ರೈ’ ಎಂಬ ಇನ್ನೊಂದು ಪಿಡುಗು ಇದೇ ಕಿಂಡಿಯಿಂದ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ ಹೊಕ್ಕಿತ್ತು. ಅಂದಾಜು ಹತ್ತೊಂಬತ್ತು ಸಾವಿರ ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆಗಳು ರದ್ದಾದವು. ಪ್ರಾಣಹಾನಿಯ ವರದಿ ಬರಲಿಲ್ಲ, ಪುಣ್ಯ. ಸೋಂಕು ತಗಲಿದ ಬಹುಪಾಲು ಯಂತ್ರಗಳು ತೇಪೆ ಲಭ್ಯವಿದ್ದೂ ಹಾಕದಿದ್ದವು. ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಎದುರು ಪಕ್ಷದ ಮಾತು. ನಾವು ಮೇಲೆ ಹೇಳಿದ ಕಥೆಯನ್ನೇ ಹಿಡಿದು ಒಬ್ಬರು ಕೇಳಬಹುದು: ಉಕ್ರೇನಿನ ವ್ಯಾಪಾರಿಗಳಿಗೆ ವಿಷ ಬಂದದ್ದೇ ಅಪ್‌ಡೇಟಿನ ದಾರಿಯಿಂದ ಅಲ್ಲವೇ? ಹೌದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪನಿ ಕಳಿಸಿದ ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟದ್ದನ್ನು ಕೂಡ ಮರೆಯುವ ಹಾಗಿಲ್ಲ. ಅಪ್‌ಡೇಟ್ ಹಾಕುವುದೆಂದರೆ ಮುಖ ಕಾಣದ ಒಬ್ಬನನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡಂತೆ. ಆ ನಂಬಿಕೆ ಕುರುಡಾಗಬೇಕಿಲ್ಲ. ದೊಡ್ಡ ಕಚೇರಿಗಳು ಮೊದಲು ನಾಲ್ಕಾರು ಯಂತ್ರಗಳಲ್ಲಿ ಹಾಕಿ ನೋಡಿ ಆಮೇಲೆ ಎಲ್ಲಕ್ಕೂ ಹಾಕುತ್ತವೆ, ಅದು ವಿವೇಕ. ಮನೆಯಲ್ಲಿ ಫೋಟೋ, ಕಾಗದಪತ್ರಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದೂ ವಿವೇಕವೇ. ಕಾರಣವಿದ್ದು, ದಿನ ಗೊತ್ತುಮಾಡಿ ಮುಂದೂಡುವುದು ಬೇರೆ. ‘ಹದಿನೈದು ದಿನಗಳ ನಂತರ’ ಎಂದು ಬರೆದು ಹದಿನಾರನೆಯ ದಿನ ಕಡತ ತೆಗೆದ ಗುಮಾಸ್ತನ ಮೇಲೆ ನಮ್ಮ ಆಕ್ಷೇಪಣೆ ಇಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ತೇಪೆಯೇ ಬರದಿದ್ದರೆ? ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ನೆರವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷದ ಸುರಕ್ಷತಾ ತೇಪೆಯನ್ನು ಕೆಲವು ಷರತ್ತುಗಳ ಮೇಲೋ, ಮೂವತ್ತು ಡಾಲರಿನ ಬೆಲೆಗೋ ಕೊಡುವ ಏರ್ಪಾಡನ್ನು ಆಗ ಮಾಡಿದರು. ಹೊಸ ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪೂ ಇತ್ತೀಚಿನ ಪ್ರಾಸೆಸರೂ ಇಲ್ಲದ ಯಂತ್ರಗಳನ್ನು ಅದು ಒಪ್ಪುವುದಿಲ್ಲ. ಕೀಲಿಮಣೆ, ಪರದೆ ಎಲ್ಲವೂ ಚೆನ್ನಾಗಿಯೇ ಇರುವ ಯಂತ್ರ ಒಂದು ದಿನಾಂಕದಿಂದ ಅಪಾಯಕಾರಿಯಾಗಿಬಿಡುತ್ತದೆ. ಜೆರಾಕ್ಸ್ ಅಂಗಡಿಯವನು, ಪಿಂಚಣಿಯಲ್ಲಿ ಬದುಕುವ ನಿವೃತ್ತ ಮೇಷ್ಟರು, ದೇಣಿಗೆಯ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಕಲಿಸುವ ಶಾಲೆ, ಇವರಿಗೆ ‘ಹೊಸದು ಕೊಳ್ಳಿ, ಇಲ್ಲವಾದರೆ ನೀವು ಸಮಾಜಕ್ಕೆ ಅಪರಾಧಿಗಳು’ ಎನ್ನುವ ಅಧಿಕಾರ ಯಾರಿಗಿದೆ? ಶಕ್ತಿ ಇಲ್ಲದವನ ಮೇಲೆ ಕರ್ತವ್ಯ ಹೇರುವುದು ಕರ್ತವ್ಯಕ್ಕೇ ಅವಮಾನ. ಕಲಿಸಿಕೊಡುವವರಿದ್ದರೆ ಹಳೆಯ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಳ್ಳಬಹುದು, ಖರ್ಚಿಲ್ಲ. ಆದರೆ ಅದಕ್ಕೂ ಒಬ್ಬ ತಿಳಿದವನು ಪಕ್ಕದಲ್ಲಿರಬೇಕು.

ಇಲ್ಲಿ ಋಣದ ಭಾರ ತಯಾರಕನ ಕಡೆಗೆ ವಾಲುತ್ತದೆ ಎಂದೇ ನಮ್ಮ ತೀರ್ಮಾನ. ಮುಚ್ಚಿಟ್ಟ ಬರವಣಿಗೆಗೆ ತೇಪೆ ಹಾಕಬಲ್ಲವನು ಅವನೊಬ್ಬನೇ. ವಿಂಡೋಸ್ ಎಕ್ಸ್‌ಪಿಯ ನೆರವು 2014ರ ಏಪ್ರಿಲಿನಲ್ಲೇ ಮುಗಿದಿತ್ತು. ಆದರೂ ವಾನಾಕ್ರೈ ಹರಡಿದ ಒಂದು ದಿನದೊಳಗೆ ಎಕ್ಸ್‌ಪಿಯ ತೇಪೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅಷ್ಟು ಬೇಗ ಹೇಗೆ ಬಂತು? ಅದು ಮೊದಲೇ ಸಿದ್ಧವಾಗಿತ್ತು. ವಿಶೇಷ ಒಪ್ಪಂದಕ್ಕೆ ಹಣ ತೆತ್ತ ದೊಡ್ಡ ಗಿರಾಕಿಗಳಿಗೆ ಮಾತ್ರ ಸಿಗುತ್ತಿತ್ತು. ಔಷಧಿ ಅಂಗಡಿಯ ಕಪಾಟಿನಲ್ಲಿದ್ದು, ಬೀದಿಯಲ್ಲಿ ಜ್ವರ ಹಬ್ಬುವವರೆಗೆ ಕಾದಂತಾಯಿತು. ಐರೋಪ್ಯ ಒಕ್ಕೂಟದವರು ಮೊಬೈಲು ತಯಾರಕರ ಮೇಲೆ ಒಂದು ನಿಯಮ ತಂದಿದ್ದಾರೆ, 2025ರ ಜೂನ್ 20ರಿಂದ ಜಾರಿ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅದಕ್ಕೆ ಅಪ್‌ಡೇಟ್ ದೊರೆಯಬೇಕು. ಕೊಂಡವನ ಹೆಗಲ ಮೇಲಿದ್ದ ಭಾರದಲ್ಲಿ ಒಂದಿಷ್ಟನ್ನು ಮಾರಿದವನ ಹೆಗಲಿಗೆ ಹೊರಿಸಿದ ಹಾಗಾಯಿತು. ಸರಿಯಾದ ದಾರಿ.

ನಮ್ಮಂಥ ಹೊರನಾಡಿನ ಸಂಸಾರಗಳಿಗೆ ಈ ಪ್ರಶ್ನೆ ಬೇರೊಂದು ಬಾಗಿಲಿನಿಂದ ಬರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮಕ್ಕಳಿಗೆ ಹೊಸ ಮೊಬೈಲು. ಹಳೆಯದು ಏನಾಗುತ್ತದೆ? ರಜೆಯಲ್ಲಿ ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಸೇರುತ್ತದೆ. ‘ಅಪ್ಪಾ, ಇದು ಇನ್ನೂ ಚೆನ್ನಾಗಿದೆ, ನೀವು ಇಟ್ಟುಕೊಳ್ಳಿ’ ಎಂದು ಕೊಡುತ್ತೇವೆ. ಪ್ರೀತಿಯಿಂದಲೇ ಕೊಡುತ್ತೇವೆ, ವಿಡಿಯೋದಲ್ಲಿ ಮೊಮ್ಮಕ್ಕಳ ಮುಖ ನೋಡಲಿ ಎಂಬ ಆಸೆ. ಆದರೆ ಕೊಡುವ ಹೊತ್ತಿಗೆ ಎಷ್ಟೋ ಸಲ ಆ ಮೊಬೈಲಿಗೆ ತಯಾರಕರ ತೇಪೆ ನಿಂತು ವರ್ಷ ಕಳೆದಿರುತ್ತದೆ. ಅದರಲ್ಲೇ ಅಪ್ಪನ ಪಿಂಚಣಿಯ ಬ್ಯಾಂಕು ಖಾತೆ, ಅದರಲ್ಲೇ ಯು.ಪಿ.ಐ., ಅದಕ್ಕೇ ಓ.ಟಿ.ಪಿ. ನಾವು ನಮ್ಮ ಹಣವನ್ನು ಯಾವ ಯಂತ್ರಕ್ಕೆ ಒಪ್ಪಿಸಲು ಹಿಂಜರಿಯುತ್ತೇವೆಯೋ ಅದಕ್ಕೆ ಅಪ್ಪ ಅಮ್ಮನ ಜೀವಮಾನದ ಉಳಿತಾಯವನ್ನು ಒಪ್ಪಿಸಿರುತ್ತೇವೆ. ಕಠೋಪನಿಷತ್ತಿನ ನಚಿಕೇತನ ಕಥೆ ಶುರುವಾಗುವುದು ಒಂದು ದಾನದಿಂದ. ತಂದೆ ಯಜ್ಞ ಮಾಡಿ, ಹಾಲು ಬತ್ತಿದ, ಮುದಿಯಾದ ಹಸುಗಳನ್ನು ದಾನಕ್ಕೆ ಹೊರಡಿಸಿದ್ದನ್ನು ಕಂಡು ಹುಡುಗನ ಮನಸ್ಸು ಕದಡುತ್ತದೆ. ಅಲ್ಲಿ ಮಗ ತಂದೆಯ ದಾನವನ್ನು ಪ್ರಶ್ನಿಸಿದ. ಇಲ್ಲಿ ಮಕ್ಕಳು ತಂದೆಗೆ ಕೊಡುತ್ತಾರೆ, ಪ್ರಶ್ನಿಸುವವರು ಯಾರೂ ಇಲ್ಲ. ಇಸಕೊಂಡವರು ಸಂತೋಷದಿಂದ ನೆರೆಮನೆಗೆಲ್ಲ ತೋರಿಸಿಕೊಂಡು ಬರುತ್ತಾರೆ.

ವೃದ್ಧರಿಗೆ ಆಗುವ ಮೋಸದಲ್ಲಿ ಫೋನಿನಲ್ಲಿ ನಯವಾಗಿ ಮಾತಾಡಿ, ಇಲ್ಲವೇ ಪೊಲೀಸರೆಂದು ಹೆದರಿಸಿ ದೋಚುವುದೂ ಇದೆ; ಅದಕ್ಕೆ ಯಾವ ತೇಪೆಯೂ ಇಲ್ಲ ಎಂಬುದನ್ನು ಒಪ್ಪುತ್ತೇವೆ. ಆದರೆ ಎರಡು ಬಾಗಿಲಿರುವ ಮನೆಯಲ್ಲಿ ಮುಂಬಾಗಿಲ ಚಿಂತೆಗಾಗಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಯಾರೂ ಮಲಗುವುದಿಲ್ಲ.

ಊರಿಗೆ ಹೋದಾಗ ಮಾಡಬಹುದಾದದ್ದು ಇಷ್ಟು: ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್ ತೆರೆದರೆ ಸುರಕ್ಷತಾ ಅಪ್‌ಡೇಟಿನ ದಿನಾಂಕ ಸಿಗುತ್ತದೆ. ಅದು ಒಂದೆರಡು ತಿಂಗಳ ಹಿಂದಿನದಾದರೆ ಸರಿ. ವರ್ಷಗಳ ಹಿಂದಿನದಾದರೆ ಆ ಮೊಬೈಲನ್ನು ಹಾಡು ಕೇಳುವುದಕ್ಕೆ, ಫೋಟೋ ನೋಡುವುದಕ್ಕೆ ಇಟ್ಟು, ಬ್ಯಾಂಕಿನ ಕೆಲಸಕ್ಕೆ ಕಡಿಮೆ ಬೆಲೆಯದಾದರೂ ತೇಪೆ ಬರುತ್ತಿರುವ ಒಂದನ್ನು ಕೊಡಿಸುವುದು. ಒಂದು ಸಂಜೆಯ ಕೆಲಸ. ಕಷ್ಟವಿರುವುದು ಮಾತಿನಲ್ಲಿ. ‘ಇದು ಚೆನ್ನಾಗಿಯೇ ನಡೀತಿದೆಯಲ್ಲಪ್ಪಾ, ಏನಾಗಿದೆ ಇದಕ್ಕೆ?’ ಎಂದು ಅಪ್ಪ ಕೇಳುತ್ತಾರೆ. ಐವತ್ತು ವರ್ಷ ಒಂದೇ ಹೊಲಿಗೆ ಯಂತ್ರ, ಮೂವತ್ತು ವರ್ಷ ಒಂದೇ ಸೈಕಲ್ಲು ಬಳಸಿದ ಮನೆ ಅದು. ಓಡುತ್ತಿರುವ ವಸ್ತು ಕೆಟ್ಟಿದೆ ಎಂದು ಅವರಿಗೆ ತಿಳಿಯುವ ಹಾಗೆ ಹೇಳುವ ಕನ್ನಡದ ಮಾತೊಂದನ್ನು ನಾವಿನ್ನೂ ಹುಡುಕುತ್ತಿದ್ದೇವೆ. ಸಂಘದ ಸದಸ್ಯರಲ್ಲಿ ಯಾರಿಗಾದರೂ ಸಿಕ್ಕಿದ್ದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಬೇಕು.